ನಾಲ್ಕು ಗಂಟೆಯ ನಂತರದ ಶಾಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಓದಲಿಕ್ಕೆಂದು ಮನೆ ಬಿಡುವುದು ಹೊಸ ಸಂಗತಿಯೇನಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ ಇರುವ ಊರುಗಳಲ್ಲಿ ಹೈಸ್ಕೂಲು ಅಂದರೆ ಪೇಟೆ, ಪೇಟೆ ಅಂದರೆ ನೆಂಟರ ಮನೆಯ ಮೆತ್ತಿ. ನೆಂಟರಿಲ್ಲದವರಿಗೆ ವಾರಾನ್ನ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕಾಲೇಜು ಅಂದರೆ ಧಾರವಾಡ. 1917ರಲ್ಲಿ ಅಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಈ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಹುಡುಗರು ಅಲ್ಲಿನ ಸಮುದಾಯದ ವಿದ್ಯಾರ್ಥಿ ನಿಲಯಗಳಲ್ಲಿ ಉಂಡು ಓದಿದರು.

ಈಗ ಕೇಳಿಬರುವ ಮಾತು ಬೇರೆ. ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ, ಇಲ್ಲವೇ ಕಾರವಾರದ ನೌಕಾನೆಲೆಗೋ ಕೈಗಾಕ್ಕೋ ವರ್ಗವಾಗಿ ಬಂದವರ ಮನೆಯಲ್ಲಿ, ಮಗ ಆರನೇ ತರಗತಿಗೆ ಬಂದ ಕೂಡಲೇ ಡೆಹ್ರಾಡೂನ್, ಊಟಿ, ಅಜ್ಮೇರ್ ಎಂಬ ಹೆಸರುಗಳು ಊಟದ ಹೊತ್ತಿಗೆ ಬರುತ್ತವೆ. ವೆಬ್‌ಸೈಟಿನ ಚಿತ್ರ ನೋಡುತ್ತಾರೆ, ಶುಲ್ಕ ನೋಡುತ್ತಾರೆ, ಫಲಿತಾಂಶ ನೋಡುತ್ತಾರೆ. ಈ ಮೂರೂ ಆ ಶಾಲೆಯ ಗುಣವನ್ನು ಹೇಳುವುದಿಲ್ಲ. ಹಾಸ್ಟೆಲ್ಲಿನಲ್ಲಿ ಮಗು ಮಲಗುವುದು ಶಾಲೆ ದೂರವಿದೆ ಎಂಬ ಕಾರಣಕ್ಕೆ. ಬೋರ್ಡಿಂಗ್ ಶಾಲೆಯ ಕತೆ ತಿರುವುಮುರುವು: ಅಲ್ಲಿ ಮಗುವನ್ನು ರೂಪಿಸುವ ಕೆಲಸ ತರಗತಿ ಮುಗಿದ ಮೇಲೆಯೇ ಶುರು. ಸಂಜೆ ನಾಲ್ಕರಿಂದ ಬೆಳಗಿನ ಆರರವರೆಗೆ ಅಲ್ಲಿ ಏನು ನಡೆಯುತ್ತದೆ, ಯಾರ ಕಣ್ಣೆದುರು ನಡೆಯುತ್ತದೆ ಎಂಬುದೇ ಅದರ ಚರಿತ್ರೆ, ಅದರ ಸ್ವಭಾವ.

ಮೂಲ ಇಂಗ್ಲೆಂಡಿನದು. ವಿಂಚೆಸ್ಟರ್ 1382ರದು, ಈಟನ್ 1440ರದು. ಆರನೇ ಹೆನ್ರಿ ಈಟನ್ ಕಟ್ಟಿಸಿದ್ದು 70 ಬಡ ಹುಡುಗರಿಗಾಗಿ. ಹಣ ಕೊಟ್ಟು ಓದುವವರು ಆಮೇಲೆ ಸೇರಿಕೊಂಡರು, ಕಾಲಕ್ರಮದಲ್ಲಿ ಅವರೇ ತುಂಬಿಕೊಂಡರು. ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರು ನಮ್ಮವರನ್ನು ಇವತ್ತಿಗೂ ದಾರಿ ತಪ್ಪಿಸುತ್ತದೆ. ಅದು ಸರಕಾರಿ ಶಾಲೆಯಲ್ಲ. ಮನೆಗೆ ಮೇಷ್ಟ್ರನ್ನು ಕರೆಸಿ ಓದಿಸುವುದಕ್ಕೆ ಬದಲಾಗಿ, ಯಾವ ಊರಿನವರಾದರೂ ಶುಲ್ಕ ಕೊಟ್ಟು ಸೇರಬಹುದಾದ ಶಾಲೆ ಎಂಬಷ್ಟೇ ಅರ್ಥ.

ಈ ಶಾಲೆಗಳು ಮೊದಲಿನಿಂದಲೂ ಶಿಸ್ತಿನ ಗುಡಿಗಳಾಗಿದ್ದವು ಎಂದುಕೊಳ್ಳಬೇಡಿ. 1797ರಲ್ಲಿ ರಗ್ಬಿ ಶಾಲೆಯ ಹುಡುಗರು ದಂಗೆಯೆದ್ದು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲನ್ನು ಮದ್ದಿನ ಪುಡಿಯಿಂದ ಸಿಡಿಸಿದರು, ಅಡಗಿಸಲು ಸೈನಿಕರೇ ಬರಬೇಕಾಯಿತು. ನೂರಾರು ಹುಡುಗರು, ಬೆರಳೆಣಿಕೆಯ ಮೇಷ್ಟ್ರುಗಳು, ರಾತ್ರಿಯೆಲ್ಲ ಹುಡುಗರದೇ ರಾಜ್ಯ. 1828ರಿಂದ 1842ರವರೆಗೆ ಅದೇ ಶಾಲೆಯ ಮುಖ್ಯಸ್ಥರಾಗಿದ್ದ ಥಾಮಸ್ ಆರ್ನಾಲ್ಡ್ ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಹುಡುಗರ ಕೈಯಲ್ಲಿ ಹೇಗೂ ಇದ್ದ ಅಧಿಕಾರವನ್ನು ಕಿತ್ತುಕೊಳ್ಳುವ ಬದಲು, ಕೊನೆಯ ವರ್ಷದವರಿಗೆ ಅದನ್ನು ಬಹಿರಂಗವಾಗಿ ವಹಿಸಿ, ಅದರ ಹೊಣೆಯನ್ನೂ ಅವರ ತಲೆಗೇ ಕಟ್ಟಿದರು. ಮನಿಟರ್, ಪ್ರಿಫೆಕ್ಟ್, ಹೌಸ್ ಕ್ಯಾಪ್ಟನ್ ಎಂದು ನಮ್ಮೂರಿನ ಶಾಲೆಗಳಲ್ಲೂ ಮಕ್ಕಳ ಅಂಗಿಗೆ ಚುಚ್ಚುವ ಬಿಲ್ಲೆಗಳು ಬಂದದ್ದು ಈ ದಾರಿಯಿಂದ. ಬಿಲ್ಲೆ ಬಂತು, ಅದರ ಹಿಂದಿದ್ದ ಹೊಣೆಯ ಲೆಕ್ಕಾಚಾರ ಬಹಳ ಕಡೆ ಬರಲಿಲ್ಲ.

ಭಾರತಕ್ಕೆ ಈ ಮಾದರಿ ಎರಡು ದಾರಿಯಲ್ಲಿ ಬಂತು. ಒಂದು, ಬೆಟ್ಟದ ಊರುಗಳಲ್ಲಿ ಬ್ರಿಟಿಷರ ಮಕ್ಕಳಿಗಾಗಿ: ಸನಾವರ್ 1847, ನೀಲಗಿರಿಯ ಲವ್‌ಡೇಲ್ 1858, ಶಿಮ್ಲಾದ ಬಿಷಪ್ ಕಾಟನ್ 1859. ಇನ್ನೊಂದು, ರಾಜಕುಮಾರರಿಗಾಗಿ: ರಾಜಕೋಟೆಯ ರಾಜಕುಮಾರ ಕಾಲೇಜು, ಅಜ್ಮೇರಿನ ಮೇಯೊ ಕಾಲೇಜು. 1875ರಲ್ಲಿ ಮೇಯೊಗೆ ಸೇರಿದ ಮೊದಲ ವಿದ್ಯಾರ್ಥಿ, ಅಲ್ವರ್‌ನ ಮಂಗಲ್ ಸಿಂಗ್, ಪರಿವಾರದೊಂದಿಗೆ ಆನೆಯ ಮೇಲೆ ಬಂದಿಳಿದರು. ಅಲ್ಲಿ ಒಂದೊಂದು ಸಂಸ್ಥಾನವೂ ತನ್ನ ಹುಡುಗರಿಗೆ ತನ್ನದೇ ಹೌಸ್, ಅಂದರೆ ಒಟ್ಟಿಗೆ ಇರುವ ವಸತಿ ಮನೆ, ಕಟ್ಟಿಸಿಕೊಂಡಿತ್ತು. ಮನೆ ಬಿಟ್ಟು ಬಂದರೂ ಅರಮನೆ ಬಿಟ್ಟಿರಲಿಲ್ಲ.

ಡೂನ್ ಶಾಲೆ ಕವಲೊಡೆದದ್ದು ಇಲ್ಲಿಂದಲೇ. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾನೂನು ಸದಸ್ಯರಾಗಿದ್ದ ಕಲ್ಕತ್ತೆಯ ವಕೀಲ ಸತೀಶ್ ರಂಜನ್ ದಾಸ್ ಅವರಿಗೆ, ಇಂಗ್ಲಿಷ್ ಮಾದರಿಯ ಶಾಲೆ ಭಾರತೀಯರಿಗಾಗಿ ಇರಬೇಕು, ಜಾತಿ ಧರ್ಮ ಕೇಳಬಾರದು, ರಾಜಕುಮಾರನಿಗೆ ಬೇರೆ ಪಂಕ್ತಿ ಇರಬಾರದು ಎಂಬ ಹಟ. ಹಣ ಕೂಡಿಸುತ್ತ ದೇಶ ಸುತ್ತಿದರು. 1928ರಲ್ಲಿ ತೀರಿಕೊಂಡರು, ಶಾಲೆ ನೋಡಲಿಲ್ಲ. ಡೆಹ್ರಾಡೂನಿನ ಚಾಂದ್‌ಬಾಗ್‌ನಲ್ಲಿ 1935ರ ಸೆಪ್ಟೆಂಬರ್ 10ರಂದು 70 ಹುಡುಗರೊಂದಿಗೆ ಅದು ಬಾಗಿಲು ತೆರೆಯಿತು. ಈಟನ್‌ನಲ್ಲಿ ವಿಜ್ಞಾನ ಕಲಿಸುತ್ತಿದ್ದ ಆರ್ಥರ್ ಫುಟ್ ಮೊದಲ ಮುಖ್ಯೋಪಾಧ್ಯಾಯರು, ಹ್ಯಾರೋದಿಂದ ಬಂದ ಜಾನ್ ಮಾರ್ಟಿನ್ ಅವರ ಜೊತೆಗಾರರು. ಎರಡು ವರ್ಷದ ಮೇಲೆ ಜ್ಯಾಕ್ ಗಿಬ್ಸನ್ ಬಂದು ಸೇರಿದರು.

ಚಾಂದ್‌ಬಾಗ್ ಎಂಬ ಹೆಸರು ಶಿರಸಿಯವರಿಗೆ ಬೇರೆಯದೇ ಕಾರಣಕ್ಕೆ ಹತ್ತಿರದ್ದು. ಸುಮಾರು 70 ಎಕರೆಯ ಆ ಜಾಗ ಮೊದಲು ಅರಣ್ಯ ಸಂಶೋಧನಾ ಸಂಸ್ಥೆಯದಾಗಿತ್ತು. 1929ರಲ್ಲಿ ಸಂಸ್ಥೆ ತನ್ನ ಹೊಸ ಭವ್ಯ ಕಟ್ಟಡಕ್ಕೆ ಹೋದ ಮೇಲೆ ಹಳೆಯ ಆವರಣ ಶಾಲೆಗೆ ಸಿಕ್ಕಿತು. ಕಾಡಿನ ಜಿಲ್ಲೆಯವರಾದ ನಮಗೆ ಡೆಹ್ರಾಡೂನ್ ಅಂದರೆ ಮೊದಲು ನೆನಪಾಗುವುದೇ ಅರಣ್ಯಾಧಿಕಾರಿಗಳ ತರಬೇತಿ. ಮರಗಳ ಲೆಕ್ಕ ಇಟ್ಟವರ ಅಂಗಳದಲ್ಲೇ ಮಕ್ಕಳ ಶಾಲೆ ನಿಂತಿತು. ಆವರಣದ ಹಳೆಯ ಮರಗಳು ಶಾಲೆಗಿಂತ ಹಿರಿಯವು.

ಇನ್ನೊಂದು ನಂಟು ಕಾರವಾರದ ಕಡಲತೀರದ್ದು. ರವೀಂದ್ರನಾಥ ಠಾಕೂರರು 1883ರ ಸುಮಾರಿಗೆ ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆಗ ರವೀಂದ್ರರಿಗೆ 22 ವರ್ಷ. ಶಾಲೆಯ ಗೋಡೆಗಳೊಳಗೆ ಉಸಿರುಗಟ್ಟಿ ಒಂದಾದ ಮೇಲೊಂದು ಶಾಲೆ ಬಿಟ್ಟ ಹುಡುಗ ಅವರು. 1901ರಲ್ಲಿ ಶಾಂತಿನಿಕೇತನದಲ್ಲಿ ಐದೇ ಮಕ್ಕಳೊಂದಿಗೆ, ಮರದ ನೆರಳಿನಲ್ಲಿ ಕೂರಿಸಿ ಕಲಿಸುವ ವಸತಿ ಶಾಲೆ ತೆರೆದರು. ಈಟನ್‌ನಿಂದ ಬಂದ ಮಾದರಿಗೂ ಶಾಂತಿನಿಕೇತನದ ಮಾದರಿಗೂ ಅಜಗಜಾಂತರ. ಆದರೂ ಡೂನ್ ಎರಡನ್ನೂ ಒಂದೇ ಚಪ್ಪರದಡಿ ತಂದಿತು: 1935ರಲ್ಲೇ ‘ಜನ ಗಣ ಮನ’ವನ್ನು ಶಾಲೆಯ ಹಾಡಾಗಿ ಆರಿಸಿಕೊಂಡಿತು. ಅದು ರಾಷ್ಟ್ರಗೀತೆ ಆದದ್ದು 1950ರ ಜನವರಿಯಲ್ಲಿ. ಬ್ರಿಟಿಷ್ ಮುಖ್ಯೋಪಾಧ್ಯಾಯರ ಶಾಲೆಯ ಮಕ್ಕಳು ಅಷ್ಟರಲ್ಲಿ ಹದಿನಾಲ್ಕು ವರ್ಷ ಅದನ್ನು ಹಾಡಿ ಮುಗಿಸಿದ್ದರು. ಮರುವರ್ಷ ಚಿತ್ರಕಲೆ ಕಲಿಸಲು ಬಂದ ಸುಧೀರ್ ಖಾಸ್ತಗೀರ್ ಕೂಡ ಶಾಂತಿನಿಕೇತನದಲ್ಲಿ ಓದಿದವರೇ.

ಈ ಶಾಲೆಯಿಂದ ಹೊರಡುವ ಹುಡುಗರು ಒಂದು ಬಗೆಯ ಶ್ರೀಮಂತ ವರ್ಗವೇ ಆಗಬೇಕು, ಆದರೆ ಅದು ಸೇವೆಯ ಶ್ರೀಮಂತಿಕೆ ಆಗಬೇಕು, ಹಣದ್ದೋ ಅಂತಸ್ತಿನದೋ ಅಲ್ಲ ಎಂಬುದು ಫುಟ್ ಅವರ ಪ್ರಸಿದ್ಧ ಮಾತಿನ ತಾತ್ಪರ್ಯ. ಮಾತು ಚೆನ್ನಾಗಿದೆ, ಮತ್ತು ಅವರು ಅದನ್ನು ದಿನಚರಿಯ ಮಟ್ಟಕ್ಕೆ ಇಳಿಸಲು ಪ್ರಾಮಾಣಿಕವಾಗಿ ದುಡಿದರು. ಎಲ್ಲರಿಗೂ ಒಂದೇ ಬಟ್ಟೆ. ಜೇಬಿನ ಹಣ ಎಲ್ಲರಿಗೂ ಅಷ್ಟಕ್ಕಷ್ಟೆ. ಊಟಕ್ಕೆ ಎಲ್ಲ ಜಾತಿಯವರೂ ಒಂದೇ ಮೇಜು. 1935 ಎಂದರೆ ನಮ್ಮ ಜಿಲ್ಲೆಯಲ್ಲಿ ಯಾರು ಯಾರ ಪಕ್ಕ ಕೂತು ಉಣ್ಣಬೇಕು ಎಂಬುದು ಊರ ನ್ಯಾಯವಾಗಿದ್ದ ಕಾಲ. ಧಾರವಾಡ, ಬೆಂಗಳೂರಿನ ಹಾಸ್ಟೆಲ್ಲುಗಳೂ ಸಮುದಾಯಕ್ಕೊಂದಾಗಿದ್ದ ಕಾಲ. ಆ ಮಟ್ಟಿಗೆ ಚಾಂದ್‌ಬಾಗಿನ ಊಟದ ಮನೆ ತನ್ನ ಕಾಲಕ್ಕಿಂತ ಮುಂದಿತ್ತು. ಆದರೆ ಮೇಜಿನವರೆಗೆ ಬರುವುದಕ್ಕೆ ತೆರಬೇಕಾದ ಶುಲ್ಕ ಆಗಲೂ ಕೆಲವರಿಗೇ ಎಟುಕುತ್ತಿತ್ತು. ಈಗ ಅದು ವರ್ಷಕ್ಕೆ ಹತ್ತು ಲಕ್ಷ ದಾಟಿದೆ. ವಿದ್ಯಾರ್ಥಿವೇತನಗಳಿವೆ, ಆದರೆ ಅವು ಎಲ್ಲರಿಗೂ ಸಾಲುವುದಿಲ್ಲ. ಹೆಣ್ಣುಮಕ್ಕಳಿಗಂತೂ ಬಾಗಿಲೇ ಇಲ್ಲ, ಇವತ್ತಿಗೂ ಅದು ಹುಡುಗರ ಶಾಲೆ. ಒಳಗೆ ಸಮಾನತೆ, ಹೊರಗೆ ಎತ್ತರದ ಗೋಡೆ. ಈ ಬಗೆಯ ಎಲ್ಲ ಶಾಲೆಗಳ ಹೊಟ್ಟೆಯಲ್ಲಿರುವ ಗಂಟು ಇದು, ತೊಂಬತ್ತು ವರ್ಷವಾದರೂ ಬಿಚ್ಚಿಲ್ಲ.

ಈಗ ಹೌಸಿನೊಳಗೆ ಹೋಗೋಣ. ಹೈದರಾಬಾದ್, ಕಾಶ್ಮೀರ್, ಜೈಪುರ್, ಟಾಟಾ ಎಂಬುವು ಡೂನಿನ ನಾಲ್ಕು ಹಳೆಯ ಹೌಸುಗಳು, 1991ರಲ್ಲಿ ಒಬೆರಾಯ್ ಸೇರಿತು. ಹೊಸದಾಗಿ ಬಂದ ಚಿಕ್ಕವರನ್ನು ನೇರ ದೊಡ್ಡವರ ನಡುವೆ ಬಿಡುವುದಿಲ್ಲ. ಅವರಿಗಾಗಿ ಫುಟ್ ಹೌಸ್, ಮಾರ್ಟಿನ್ ಹೌಸ್ ಎಂದು ಎರಡು ಪ್ರತ್ಯೇಕ ಮನೆಗಳಿವೆ. ಈ ಏರ್ಪಾಡು ಸಣ್ಣದೆಂದು ಕಾಣಬಹುದು. ಹನ್ನೆರಡರ ಹುಡುಗ ಮೊದಲ ವರ್ಷ ತನ್ನ ವಯಸ್ಸಿನವರ ಜೊತೆಗೇ ಮಲಗಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ನೀವು ಯಾವ ವಸತಿ ಶಾಲೆ ನೋಡಲು ಹೋದರೂ ಇದನ್ನೇ ಮೊದಲು ಕೇಳಿ.

ಬೆಳಿಗ್ಗೆ ಛೋಟಾ ಹಾಜ್ರಿ, ಅಂದರೆ ಬರಿಹೊಟ್ಟೆಯಲ್ಲಿ ಓಡಬಾರದೆಂದು ಕೊಡುವ ಅಷ್ಟಿಷ್ಟು. ಆಮೇಲೆ ವ್ಯಾಯಾಮ, ತರಗತಿ, ಸಭೆ, ಮತ್ತೆ ತರಗತಿ. ಮಧ್ಯಾಹ್ನದ ಮೇಲೆ ಆಟ. ರಾತ್ರಿ ಕೂತು ಓದುವ ಹೊತ್ತಿಗೆ ಡೂನಿನಲ್ಲಿ ‘ಟಾಯ್ ಟೈಮ್’ ಎನ್ನುತ್ತಾರೆ. ಆಟಿಕೆಗೂ ಅದಕ್ಕೂ ಸಂಬಂಧವಿಲ್ಲ, ವಿಂಚೆಸ್ಟರ್ ಶಾಲೆಯ ಹಳೆಯ ಮಾತು ಅದು. ಹೌಸಿನ ಮೇಲ್ವಿಚಾರಕಿಗೆ ‘ಡೇಮ್’ ಎನ್ನುವುದು ಈಟನ್ನಿನ ಬಳುವಳಿ. ಇಂಥ ಒಳಮಾತುಗಳು ಒಂದು ಶಾಲೆಯಲ್ಲಿ ನೂರಾರು ಇರುತ್ತವೆ. ಹೊಸ ಹುಡುಗ ಇವನ್ನು ಎರಡು ವಾರದಲ್ಲಿ ಕಲಿತುಬಿಡುತ್ತಾನೆ. ಕಲಿತ ದಿನ ಅವನು ಅಲ್ಲಿಯವನಾದ, ರಜೆಗೆ ಬಂದು ಆಡಿದಾಗ ಆಯಿಗೆ ಅರ್ಥವಾಗದೆ ಹೋದ ದಿನ ಮನೆಯಿಂದ ಒಂದು ಹೆಜ್ಜೆ ಆಚೆ ಹೋದ.

ಆ ಟಾಯ್ ಟೈಮನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉದ್ದನೆಯ ಕೋಣೆ, ಸಾಲಾಗಿ ಮೇಜು, ಮೂವತ್ತು ತಲೆಗಳು ಬಗ್ಗಿವೆ. ಮುಂದೆ ಕೂತಿರುವುದು ಮೇಷ್ಟ್ರಲ್ಲ, ಹದಿನೇಳರ ಒಬ್ಬ ಹುಡುಗ. ಅವನಿಗೂ ನಾಳೆ ಪರೀಕ್ಷೆ ಇದೆ. ಮೂರನೇ ಸಾಲಿನಲ್ಲಿ ಒಬ್ಬ ಪೆನ್ನು ಕೇಳಲು ತಿರುಗಿದ. ಈಗ ದೊಡ್ಡವನ ಮುಂದೆ ಮೂರು ದಾರಿ: ಕಣ್ಣಲ್ಲೇ ಗದರುವುದು, ಎದ್ದು ಹೋಗಿ ಪೆನ್ನು ಕೊಡುವುದು, ಅಥವಾ ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುವುದು. ಬೋರ್ಡಿಂಗ್ ಶಾಲೆ ನಾಯಕತ್ವ ಕಲಿಸುತ್ತದೆ ಎಂದು ಕಿರುಹೊತ್ತಿಗೆಯಲ್ಲಿ ಅಚ್ಚುಹಾಕಿರುತ್ತಾರಲ್ಲ, ಅದು ನಿಜವಾಗಿ ನಡೆಯುವುದು ಇಂಥ ನಿಮಿಷದಲ್ಲಿ. ಅದೇ ನಿಮಿಷದಲ್ಲಿ ಅದು ಕೆಡುವುದೂ ಹೌದು. ಮೂರನೇ ದಾರಿ ಹಿಡಿದವನನ್ನು ಯಾರೂ ಕೇಳದಿದ್ದರೆ, ಹತ್ತು ದಿನದಲ್ಲಿ ಅದು ಆ ಕೋಣೆಯ ಪದ್ಧತಿ, ಹತ್ತು ವರ್ಷದಲ್ಲಿ ಶಾಲೆಯ ಸಂಪ್ರದಾಯ.

ಇಂಗ್ಲೆಂಡಿನ ಶಾಲೆಗಳಲ್ಲಿ ಚಿಕ್ಕವರು ದೊಡ್ಡವರ ಚಾಕರಿ ಮಾಡುವುದೇ ಒಂದು ನಿಯಮವಾಗಿತ್ತು: ಬೂಟು ಒರೆಸು, ಚಹಾ ಮಾಡು, ಹಾಸಿಗೆ ಬೆಚ್ಚಗೆ ಮಾಡು. ಈಟನ್‌ನಲ್ಲಿ ಅದು ಪೂರ್ತಿ ನಿಂತದ್ದು 1980ರ ಹೊತ್ತಿಗೆ. ಭಾರತದ ಬೋರ್ಡಿಂಗ್ ಶಾಲೆಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದು ಬಾಳಿಕೆ ಬಂದಿದೆ. ಯಾಕೆ ನಿಲ್ಲುವುದಿಲ್ಲ ಎಂದರೆ, ಅನುಭವಿಸಿದವನು ಮೂರು ವರ್ಷ ಕಾದರೆ ಮಾಡಿಸಿಕೊಳ್ಳುವವನಾಗುತ್ತಾನೆ. ಸಾಲ ತೀರಿಸಿಕೊಳ್ಳುವ ಲೆಕ್ಕ. ದೂರು ಹೇಳುವುದು ಹೇಡಿತನ ಎಂಬ ಹುಡುಗರ ನೀತಿ ಇದಕ್ಕೆ ಬೀಗ ಹಾಕುತ್ತದೆ. ‘ನಮ್ಮ ಕಾಲದಲ್ಲಿ ಇನ್ನೂ ಜಾಸ್ತಿ ಇತ್ತು, ಅದರಿಂದಲೇ ಗಟ್ಟಿಯಾದೆವು’ ಎನ್ನುವ ಹಳೆಯ ವಿದ್ಯಾರ್ಥಿಗಳು ಆ ಬೀಗದ ಮೇಲೆ ಇನ್ನೊಂದು ಬೀಗ ಹಾಕುತ್ತಾರೆ. ಗಟ್ಟಿಯಾಗದೆ ಮುರಿದವರು ವಾರ್ಷಿಕೋತ್ಸವಕ್ಕೆ ಬಂದು ಮಾತಾಡುವುದಿಲ್ಲ, ಹಾಗಾಗಿ ಅವರ ಲೆಕ್ಕ ಸಿಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನು ಮಾಡಬಹುದು. ಆ ಸಂಖ್ಯೆ ಹೌಸಿನ ಗೋಡೆಯ ಮೇಲೆ ಇದೆಯೇ, ಅದರ ಪಕ್ಕದಲ್ಲಿ ಮಗುವಿನ ಕೈಗೆ ಸಿಗುವ ಫೋನು ಇದೆಯೇ ಎಂದು ನೋಡಬೇಕು. ಫೋನು ವಾರ್ಡನ್ನಿನ ಮೇಜಿನ ಮೇಲಿದ್ದರೆ ಸಂಖ್ಯೆ ಇದ್ದೂ ಇಲ್ಲದಂತೆ.

ಇಷ್ಟು ಹೇಳಿದ ಮೇಲೆ, ಈ ಶಾಲೆಗಳ ನಿಜವಾದ ಸಂಪತ್ತನ್ನೂ ಹೇಳಬೇಕು. ಡೂನಿನ ಮಟ್ಟಿಗೆ ಅದು ಬೆಟ್ಟ. ಗಿಬ್ಸನ್, ಮಾರ್ಟಿನ್, 1931ರಲ್ಲಿ ಕಾಮೆಟ್ ಶಿಖರ ಹತ್ತಿ ಬಂದಿದ್ದ ಹೋಲ್ಡ್ಸ್‌ವರ್ತ್, 1951ರಲ್ಲಿ ತ್ರಿಶೂಲ್ ಹತ್ತಿದ ಗುರುದಯಾಳ್ ಸಿಂಗ್ ಇವರೆಲ್ಲ ಅಲ್ಲಿನ ಮೇಷ್ಟ್ರುಗಳು. ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯ ಮೊದಲ ಪ್ರಾಂಶುಪಾಲ ನಂದು ಜಯಾಲ್ ಅಲ್ಲಿನ ವಿದ್ಯಾರ್ಥಿ. ಅವಧಿಯ ನಡುವೆ ಬರುವ ಕೆಲವು ದಿನದ ಬಿಡುವಿನಲ್ಲಿ ಹುಡುಗರು ಬೆಟ್ಟಕ್ಕೆ ಹೋಗಬೇಕು, ಇದಕ್ಕೆ ‘ಮಿಡ್ ಟರ್ಮ್’ ಎನ್ನುತ್ತಾರೆ. ಚಿಕ್ಕವರ ಜೊತೆ ಮೇಷ್ಟ್ರು ಇರುತ್ತಾರೆ, ದೊಡ್ಡ ತರಗತಿಯವರು ತಾವೇ ಹೋಗಿ ಬರಬೇಕು.

ಇದರಲ್ಲಿ ಕಲಿಕೆ ಎಲ್ಲಿದೆ ಎಂದರೆ ಸಾಮಾನಿನ ಪಟ್ಟಿಯಲ್ಲಿ. ನಾಲ್ವರು, ನಾಲ್ಕು ದಿನ ಎಂದಿಟ್ಟುಕೊಳ್ಳಿ. ಬೆಟ್ಟ ಹತ್ತುವ ಹುಡುಗನಿಗೆ ದಿನಕ್ಕೆ ಅಕ್ಕಿ, ಹಿಟ್ಟು, ಅವಲಕ್ಕಿ ಸೇರಿ 400 ಗ್ರಾಂ, ಬೇಳೆ 75, ಸಕ್ಕರೆ ಬೆಲ್ಲ 60, ಎಣ್ಣೆ ತುಪ್ಪ 40 ಗ್ರಾಂ ಬೇಕು. ಅಲ್ಲಿಗೆ ಧಾನ್ಯ 6.4 ಕಿಲೋ, ಬೇಳೆ 1.2 ಕಿಲೋ, ಸಿಹಿ ಸುಮಾರು ಒಂದು ಕಿಲೋ. ಇದನ್ನು ಹೊರುವವರು ಅವರೇ, ಹಾಗಾಗಿ ಡಬ್ಬಿ ಬಿಸ್ಕತ್ತು ಬೇಕೋ ಬೇಡವೋ ಎಂಬುದನ್ನು ಬೆನ್ನೇ ತೀರ್ಮಾನಿಸುತ್ತದೆ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಭಾರ ಎಂದು ಬಿಟ್ಟು ಹೋದ ತಂಡ ಎರಡನೇ ರಾತ್ರಿ ಹಸಿ ಬೇಳೆ ಅಗಿಯುತ್ತದೆ. ತಪ್ಪು ಲೆಕ್ಕಕ್ಕೆ ಬೈಯುವವರು ಅಲ್ಲಿ ಯಾರೂ ಇಲ್ಲ, ಹಸಿವೊಂದೇ ಇದೆ. ಹದಿನಾರನೇ ವಯಸ್ಸಿಗೆ ಹೀಗೆ ಲೆಕ್ಕ ಹಾಕಿ, ತಪ್ಪಿ, ಇನ್ನೊಬ್ಬನ ಹೊರೆಯ ಕಾಲುಭಾಗ ತನ್ನ ಚೀಲಕ್ಕೆ ಹಾಕಿಕೊಂಡು ನಡೆದವನಿಗೆ ಒಂದು ಬಗೆಯ ನೆಮ್ಮದಿಯ ಧೈರ್ಯ ಬರುತ್ತದೆ. ಅದು ಟ್ಯೂಷನ್ನಿನಲ್ಲಿ ಸಿಗುವುದಿಲ್ಲ.

ಸಹ್ಯಾದ್ರಿಯ ಬೆನ್ನ ಮೇಲೇ ಕೂತಿರುವ ನಮ್ಮ ಜಿಲ್ಲೆಯ ಶಾಲೆಗಳಿಗೆ ಇದನ್ನು ಮಾಡಲು ಯಾವ ಅಡ್ಡಿಯಿದೆ? ಕಾಡಿದೆ, ನದಿಯಿದೆ, ಕಡಲಿದೆ. ಖರ್ಚು ಬಸ್ ಚಾರ್ಜು ಮತ್ತು ಅವಲಕ್ಕಿ. ಅರಣ್ಯ ಇಲಾಖೆಯ ಅನುಮತಿ, ಇಬ್ಬರು ಮೇಷ್ಟ್ರು, ಮಳೆಗಾಲ ಕಳೆದು ಉಂಬಳ ಇಳಿದ ನವೆಂಬರ್ ತಿಂಗಳು ಇಷ್ಟಿದ್ದರೆ ಸಾಕು.

ಆ ಮಾದರಿ ಗೋಡೆ ಹಾರಿ ಹೊರಗೂ ಬಂದಿದೆ. ಬೆಳಗಾವಿಯ ಮಿಲಿಟರಿ ಶಾಲೆ 1945ರದು, ವಿಜಯಪುರದ ಸೈನಿಕ ಶಾಲೆ 1963ರದು. ವಿಜಯಪುರದಲ್ಲಿ ಹೌಸುಗಳ ಹೆಸರು ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ. ರಗ್ಬಿಯ ಪದ್ಧತಿ ಕನ್ನಡದ ಹೆಸರು ಇಟ್ಟುಕೊಂಡು ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬೆಳೆದ ನವೋದಯ ವಿದ್ಯಾಲಯಗಳು ಇದರ ದೊಡ್ಡ ಜಿಗಿತ. ಆಗಿನ ಪ್ರಧಾನಿ ರಾಜೀವ್ ಗಾಂಧಿ ಡೂನಿನಲ್ಲೇ ಓದಿದವರು. ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಪರೀಕ್ಷೆ, ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕಕ್ಕೆ ಹಣವಿಲ್ಲ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ದೇಶದ ಎಲ್ಲ ನವೋದಯಗಳಲ್ಲೂ ಅದೇ ನಾಲ್ಕು ಹೌಸುಗಳು. ಬೋರ್ಡಿಂಗ್ ಶಾಲೆಯ ಗುಣ ಬೇಕು, ಹತ್ತು ಲಕ್ಷ ಇಲ್ಲ ಎನ್ನುವ ಮನೆಯವರು ಮೊದಲು ಈ ಅರ್ಜಿ ತುಂಬಲಿ.

ಇದಕ್ಕೆ ಪೂರ್ತಿ ಎದುರಾದ ಉತ್ತರವೂ ನಮ್ಮ ಜಿಲ್ಲೆಯಲ್ಲೇ ಇದೆ. ಚುಟುಕು ಬರೆದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲನ್ನೇ ಹಳ್ಳಿಗಳ ಹತ್ತಿರ ತಂದರು. ಮಗು ಶಾಲೆಯ ಬಳಿ ಹೋಗಿ ಮಲಗಬೇಕಾಗಿಲ್ಲ, ಶಾಲೆಯೇ ಮಗುವಿನ ದಾರಿಗೆ ಬರಲಿ ಎಂಬ ಬಗೆ. ರೈತರ, ಮೀನುಗಾರರ, ಹಾಲಕ್ಕಿಗಳ ಮಕ್ಕಳು ಸಂಜೆ ಮನೆಗೆ ಬಂದು ಉಂಡು ಮಲಗಿ ಮೆಟ್ರಿಕ್ ಮುಗಿಸಿದ್ದು ಅದರಿಂದ. ನನ್ನನ್ನು ಕೇಳಿದರೆ ಈ ಜಿಲ್ಲೆಯ ಮಟ್ಟಿಗೆ ಎರಡರಲ್ಲಿ ಇದೇ ದೊಡ್ಡ ಕೆಲಸ.

ಕಳಿಸುವುದೆಂದು ತೀರ್ಮಾನಿಸಿದವರಿಗೆ ಇನ್ನು ಕೆಲವು ಮಾತು.

ಶಾಲೆ ನೋಡಲು ಹೋದಾಗ ಸಭಾಂಗಣ, ಈಜುಕೊಳ, ಕುದುರೆ ಲಾಯ ತೋರಿಸುತ್ತಾರೆ. ನೋಡಿ, ತಪ್ಪಿಲ್ಲ. ಆಮೇಲೆ ಬಚ್ಚಲು ನೋಡಬೇಕು ಎನ್ನಿ. ಬೆಳಿಗ್ಗೆ ಅರ್ಧ ಗಂಟೆಯೊಳಗೆ ಇಡೀ ಹೌಸು ತಯಾರಾಗಬೇಕು. ಹತ್ತು ಹುಡುಗರಿಗೆ ಒಂದಕ್ಕಿಂತ ಕಡಿಮೆ ಶೌಚಾಲಯ ಇದ್ದರೆ ಚಿಕ್ಕವರ ಸರದಿ ಕೊನೆಗೆ ಬರುತ್ತದೆ, ಅವರು ತಡೆದುಕೊಂಡು ತರಗತಿಗೆ ಹೋಗುತ್ತಾರೆ, ಎರಡು ತಿಂಗಳಲ್ಲಿ ಹೊಟ್ಟೆ ನೋವು ಎಂದು ಫೋನು ಬರುತ್ತದೆ. ಬಾಗಿಲ ಚಿಲಕ ಒಳಗಿನಿಂದ ಸರಿಯಾಗಿ ಬೀಳುತ್ತದೆಯೇ ನೋಡಿ. ಮಂಚಗಳ ನಡುವೆ ಮೂರಡಿಯಾದರೂ ಜಾಗ ಬೇಕು, ಇಲ್ಲದಿದ್ದರೆ ಒಬ್ಬನ ಕೆಮ್ಮು, ಒಬ್ಬನ ತುರಿಕೆ ವಾರದಲ್ಲಿ ಸಾಲು ಪೂರ್ತಿ ದಾಟುತ್ತದೆ. ರಾತ್ರಿ ಅದೇ ಕಟ್ಟಡದಲ್ಲಿ ಮಲಗುವ ದೊಡ್ಡವರು ಯಾರು, ಅವರ ಬಾಗಿಲಿಗೂ ಚಿಕ್ಕವರ ಮಂಚಕ್ಕೂ ಎಷ್ಟು ಹೆಜ್ಜೆ ಎಂದು ಎಣಿಸಿ. ‘ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತೀಯಪ್ಪಾ?’ ಎಂದು ಕೇಳಬೇಕಾದದ್ದು ಪ್ರಾಂಶುಪಾಲರನ್ನಲ್ಲ, ದಾರಿಯಲ್ಲಿ ಸಿಕ್ಕ ಏಳನೇ ತರಗತಿಯ ಹುಡುಗನನ್ನು. ತಟ್ಟನೆ ಒಂದು ಹೆಸರು ಹೇಳಿದರೆ ಒಳ್ಳೆಯ ಶಾಲೆ. ಪಕ್ಕದಲ್ಲಿ ನಿಂತ ದೊಡ್ಡವನ ಮುಖ ನೋಡಿ ಆಮೇಲೆ ಹೇಳಿದರೆ ಇನ್ನೊಮ್ಮೆ ಯೋಚಿಸಿ.

ಊಟದ ಬದಲಾವಣೆ ನಾವು ಎಣಿಸುವುದಕ್ಕಿಂತ ದೊಡ್ಡದು. ಕುಚ್ಚಲಕ್ಕಿ ಗಂಜಿ, ಮೀನಿನ ಸಾರು, ತಂಬುಳಿಯಲ್ಲಿ ಬೆಳೆದ ಹೊಟ್ಟೆಗೆ ಚಪಾತಿ, ರಾಜ್ಮಾ, ಪನೀರು ಒಗ್ಗಲು ತಿಂಗಳು ಬೇಕು. ಹೋಗುವ ಮೂರು ತಿಂಗಳ ಮೊದಲೇ ರಾತ್ರಿ ಊಟಕ್ಕೆ ಚಪಾತಿ ಶುರು ಮಾಡಿ. ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಡುವ ಮೊದಲು ಶಾಲೆಯ ನಿಯಮ ಕೇಳಿ. ಎಷ್ಟೋ ಕಡೆ ಹೊರಗಿನ ತಿಂಡಿ ಬಿಡುವುದಿಲ್ಲ, ಇದ್ದವನು ಇಲ್ಲದವನು ಎಂಬ ಭೇದ ಮೊದಲು ಹುಟ್ಟುವುದು ತಿಂಡಿಯ ಡಬ್ಬಿಯಲ್ಲಿ ಎಂಬ ಕಾರಣಕ್ಕೆ.

ಮನೆ ನೆನಪಿನ ಬೇಗೆ ಮೊದಲ ಎರಡು ಮೂರು ವಾರ ಜೋರು. ಅದು ಇಳಿಯಿತು ಎನ್ನುವಾಗ ಮೊದಲ ರಜೆ ಮುಗಿಸಿ ಹೋದ ಮೇಲೆ ಮತ್ತೆ ಬರುತ್ತದೆ, ಇದಕ್ಕೆ ತಂದೆತಾಯಿ ತಯಾರಿರುವುದಿಲ್ಲ. ದಿನದಲ್ಲಿ ಕಷ್ಟದ ಹೊತ್ತು ಭಾನುವಾರ ಸಂಜೆ ಮತ್ತು ದೀಪ ಆರಿಸುವ ಮುಂಚಿನ ಕಾಲು ಗಂಟೆ. ಆ ಹೊತ್ತಿಗೆ ಫೋನು ಮಾಡಬೇಡಿ. ಮಾತು ಮುಗಿದ ಕೂಡಲೇ ಕತ್ತಲೆ, ಮಗು ಒಂಟಿ. ಆಟಕ್ಕೆ ಮುಂಚೆ ಮಾತಾಡಿದರೆ ಅತ್ತರೂ ಚೆಂಡಿನ ಹಿಂದೆ ಓಡಿ ಮರೆಯುತ್ತದೆ. ‘ನೀನಿಲ್ಲದೆ ಅಜ್ಜಿ ಊಟವನ್ನೇ ಬಿಟ್ಟಿದ್ದಾಳೆ’ ಎಂಬಂಥ ಮಾತು ಬೇಡ. ‘ಬೆಳ್ಳಿ ಆಕಳು ಕರು ಹಾಕಿತು, ಕೆಂಪು ಹೋರಿಗರು’ ಎಂಬುದು ಸಾಕು.

ಇನ್ನು ಭಾಷೆ. ಹನ್ನೆರಡನೇ ವಯಸ್ಸಿಗೆ ಉತ್ತರದ ಶಾಲೆಗೆ ಹೋದ ಮಗುವಿನ ಕನ್ನಡ ಓದು ಬರಹ ಅಲ್ಲಿಗೇ ನಿಲ್ಲುತ್ತದೆ. ಮಾತು ಉಳಿಯುತ್ತದೆ, ಅಕ್ಷರ ಹೋಗುತ್ತದೆ. ಒತ್ತಕ್ಷರ ಮೊದಲು ಮರೆಯುತ್ತದೆ, ಆಮೇಲೆ ಮಹಾಪ್ರಾಣ. ಮೂರನೇ ವರ್ಷಕ್ಕೆ ಕನ್ನಡ ಪತ್ರಿಕೆ ಕೈಗೆತ್ತಿಕೊಂಡರೆ ತಲೆಬರಹ ಮಾತ್ರ ಓದುತ್ತದೆ. ಇದಕ್ಕೆ ಮದ್ದು ಆ ಶಾಲೆಗಳಲ್ಲೇ ಇದೆ: ಭಾನುವಾರ ಮನೆಗೆ ಕಾಗದ ಬರೆಯುವ ಹಳೆಯ ಪದ್ಧತಿ. ಆ ಕಾಗದ ಕನ್ನಡದಲ್ಲಿ ಬರಲಿ ಎಂದು ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ. ಹತ್ತು ಸಾಲು ಸಾಕು. ಹೆಸರು, ವಿಳಾಸ ಬರೆದ ಇಪ್ಪತ್ತು ಲಕೋಟೆ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿ. ಉತ್ತರ ಕೈಯಿಂದಲೇ ಬರೆಯಿರಿ, ತಪ್ಪು ತಿದ್ದಿ ವಾಪಸು ಕಳಿಸಬೇಡಿ. ತಿದ್ದಿದ ಕಾಗದ ಒಂದು ಬಂದರೆ ಮುಂದಿನ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ.

ಪೆಟ್ಟಿಗೆಯ ವಿಷಯ. ಶಿರಸಿಗೆ ರೈಲಿಲ್ಲ. ಘಟ್ಟ ಇಳಿದು ಕುಮಟಾ ಅಥವಾ ಕಾರವಾರದಲ್ಲಿ ಕೊಂಕಣ ರೈಲು ಹತ್ತಬೇಕು, ಇಲ್ಲವೇ ಹಾವೇರಿಗೆ ಹೋಗಬೇಕು. ಜೂನ್, ಜುಲೈನಲ್ಲಿ ಹೊರಟರೆ ತಗಡಿನ ಪೆಟ್ಟಿಗೆ ಮನೆಯಲ್ಲೇ ಬೂಷ್ಟು ಹಿಡಿಯಲು ಶುರುವಾಗಿರುತ್ತದೆ. ಬಟ್ಟೆಯನ್ನು ಒಲೆಯ ಬಿಸಿಗೆ ಒಣಗಿಸಿ, ಪೂರ್ತಿ ತಣಿದ ಮೇಲೆ ಮಡಚಿ. ಬಿಸಿ ಇರುವಾಗ ಮಡಚಿದರೆ ಬೆವರಿ ಮತ್ತೆ ಬೂಷ್ಟೇ. ಪ್ರತಿಯೊಂದು ಬಟ್ಟೆಗೂ ಶಾಲೆ ಕೊಟ್ಟ ನಂಬರು ಹೊಲಿಯಬೇಕು. ಮಾರ್ಕರ್ ಪೆನ್ನಿನ ಶಾಯಿ ಆರೇಳು ಒಗೆತಕ್ಕೆ ಅಳಿಯುತ್ತದೆ, ಬಿಳಿ ನಾಡದ ಮೇಲೆ ಕೆಂಪು ದಾರದಲ್ಲಿ ಹೊಲಿದದ್ದು ವರ್ಷ ಬಾಳುತ್ತದೆ. ಕಾಲುಚೀಲಕ್ಕೂ ಬೇಕು, ಜೋಡಿಯ ಎರಡಕ್ಕೂ. ಪಟ್ಟಿಯ ಒಂದು ಪ್ರತಿ ಮುಚ್ಚಳದ ಒಳಗೆ ಅಂಟಿಸಿ, ಇನ್ನೊಂದು ಮನೆಯಲ್ಲಿಟ್ಟುಕೊಳ್ಳಿ.

ಮೊದಲ ರಜೆಗೆ ಬಂದಾಗ ಮಗು ಗಂಟೆಯಿಲ್ಲದೆ ಐದೂವರೆಗೆ ಎದ್ದು ಹೊದಿಕೆ ಮಡಚಿಡುತ್ತದೆ. ಮನೆಮಂದಿ ಅದನ್ನೇ ಕೊಂಡಾಡುತ್ತ ಕೂರುತ್ತಾರೆ. ಎರಡು ದಿನ ಏನೂ ಕೇಳಬೇಡಿ, ನೆಂಟರನ್ನು ಕರೆಸಬೇಡಿ, ಇಂಗ್ಲಿಷ್ ಆಡಿಸಿ ತೋರಿಸಬೇಡಿ. ಮೂರನೇ ದಿನ ಜಗಲಿಯಲ್ಲಿ ಪೆಟ್ಟಿಗೆ ತೆರೆದು, ಮನೆಯಲ್ಲಿಟ್ಟ ಪಟ್ಟಿ ಹಿಡಿದು, ಇಬ್ಬರೂ ಕೂತು ಬಟ್ಟೆ ಎಣಿಸಿ. ಎರಡು ಅಂಗಿ ಹೋಗಿ ಬೇರೆ ನಂಬರಿನ ಎರಡು ಅಂಗಿ ಬಂದಿದ್ದರೆ ಅದು ದೋಬಿಯ ಗೊಂದಲ, ಎಲ್ಲ ಕಡೆ ಆಗುವುದೇ. ಒಳ್ಳೆಯ ಸ್ವೆಟರು, ಹೊಸ ಬೂಟು, ಟಾರ್ಚು ಇಂಥವು ಮಾತ್ರ ಹೋಗಿ, ಬದಲಿಗೆ ಏನೂ ಬಂದಿಲ್ಲದಿದ್ದರೆ, ಮತ್ತು ‘ಕಳೆದುಹೋಯ್ತು’ ಎನ್ನುವಾಗ ಮಗು ಪೆಟ್ಟಿಗೆಯೊಳಗೆ ನೋಡುತ್ತ ಹೇಳಿದರೆ, ಯಾರೋ ತೆಗೆದುಕೊಳ್ಳುತ್ತಿದ್ದಾರೆ. ಗದರಬೇಡಿ. ಎಣಿಸುವುದನ್ನು ಮುಂದುವರಿಸಿ, ಕರವಸ್ತ್ರ ಆದ ಮೇಲೆ ಕಾಲುಚೀಲ, ನಿಧಾನಕ್ಕೆ. ಪೆಟ್ಟಿಗೆಯ ತಳ ಕಾಣುವ ಹೊತ್ತಿಗೆ ಹೆಸರು ಅದರ ಬಾಯಿಂದಲೇ ಬರುತ್ತದೆ.